ಕುರ್ಚಿ ಸಂಘದ ಏಳು ಹೆಸರು

ಹೆಗ್ಗುಡ್ಲು, ಜಾವಳಿ ಅಂಚೆ
12 ಫೆಬ್ರವರಿ 2024

ರೌಶನಕ್ಕನವರಿಗೆ ವಸಂತಮ್ಮನ ನಮಸ್ಕಾರ.

ಮೂರು ಸಲ ಗುಡ್ಡ ಹತ್ತಿ, ಸಿಗ್ನಲ್ ಸಿಗೋ ಬಂಡೆ ಮೇಲೆ ನಿಂತು ಫೋನ್ ಮಾಡಿದೆ. ನೀವು ಎತ್ತಲಿಲ್ಲ. ನಾಲ್ಕನೇ ಸಲ ಹತ್ತೋಕೆ ಮಂಡಿ ಒಪ್ಪಲಿಲ್ಲ, ಅದಕ್ಕೆ ಕಾಗದ. ಇದನ್ನೂ ಹರಿದು ಹಾಕಬಹುದು ನೀವು. ಆದ್ರೆ ಹರಿಯೋಕೆ ಮೊದಲು ನಾಲ್ಕು ಸಾಲಾದ್ರೂ ಓದ್ತೀರಿ, ನಿಮ್ಮ ಬುದ್ಧಿ ನನಗೆ ಗೊತ್ತು.

ನೀವು ಹೆಗ್ಗುಡ್ಲು ಬಿಟ್ಟು ಮಲ್ಲಂದೂರಿಗೆ ಮಗಳು ಇರಮ್ ಮನೆಗೆ ಹೋಗಿ ಎಂಟು ವರ್ಷ ಆಯ್ತು. ನಮ್ಮವರ ಎರಡೂ ಕಿಡ್ನಿ ಕೈಕೊಟ್ಟಿದೆ ಅಕ್ಕ. ವಾರಕ್ಕೆ ಎರಡು ಸಲ ಮೂಡಿಗೆರೆಯಲ್ಲಿ ಡಯಾಲಿಸಿಸ್. ಗಾಡಿ ಬರದ ಈ ಗುಡ್ಡದಲ್ಲಿ ನಮ್ಮ ಮನೆಯಿಂದ ರಸ್ತೆ ತನಕ ಸಂಘದ ಹೊರೋ ಕುರ್ಚಿಯೇ ಗತಿ. ನಲವತ್ತು ವರ್ಷ ಸಂಘದಲ್ಲಿ ಇವತ್ತು ಯಾವ ಮನೆಯವರು ಹೊರಬೇಕು ಅಂತ ಪಾಳಿ ಕೂಗಿ ಬೇರೆಯವರನ್ನ ಹೊರಿಸಿದ ದೇವೇಂದ್ರ, ಈಗ ತಾವೇ ಎರಡು ಬಿದಿರಿನ ನಡುವೆ ಕೂತು, ಹೊರೋರಿಗೆ "ಬಲಕ್ಕೆ ತಗೊಳ್ರೋ, ಕಲ್ಲಿದೆ" ಅಂತ ದಾರಿ ಹೇಳ್ತಾ ಹೋಗ್ತಾರೆ. ಕೂತರೂ ಯಜಮಾನಿಕೆ ಬಿಟ್ಟಿಲ್ಲ.

ಈಗ ನಿಜವಾದ ತಾಪತ್ರಯ ಕೇಳಿ. ಬೆಳ್ಳಿಗುಂಡಿ ಎಸ್ಟೇಟ್ ಕೈ ಬದಲಾಯ್ತು. ಹೊಸ ಮ್ಯಾನೇಜರ್ ನಮ್ಮ ಕುರ್ಚಿ ಹೋಗೋ ಒಳದಾರಿಯ ಗೇಟಿಗೆ ಬೀಗ ಹಾಕ್ತೀನಿ ಅಂತಾನೆ. "ಹಳೇ ಸಾಹುಕಾರ್ರು ದಾರಿ ಬರೆದುಕೊಟ್ಟಿದ್ದು ನೋಂದಾಯಿತ ಸಂಘಕ್ಕೆ. ಆ ಸಂಘ ಇನ್ನೂ ಇದೆ ಅಂತ ಕಾಗದ ತೋರಿಸಿ. ಮೇ ಕೊನೆ ತನಕ ಟೈಮ್ ಕೊಡ್ತೀನಿ" ಅಂದ. ಮಾತು ಒರಟಲ್ಲ, ಆದ್ರೆ ಬಗ್ಗೋನೂ ಅಲ್ಲ. ಆ ದಾರಿ ಮುಚ್ಚಿದ್ರೆ ಗುಡ್ಡ ಬಳಸಿ ಹೋಗಬೇಕು, ಎರಡು ಗಂಟೆ ಹೆಚ್ಚು. ಒಂದು ಸಲ ಹಂಗೆ ಹೋಗಿ ನೋಡಿದ್ವಿ. ರಸ್ತೆ ಮುಟ್ಟೋ ಹೊತ್ತಿಗೆ ಇವರಿಗೆ ಉಸಿರೇ ಸಿಗ್ತಿರಲಿಲ್ಲ.

ಅದೇ ವಾರ ಚಿಕ್ಕಮಗಳೂರಿನ ಸಂಘಗಳ ನೋಂದಣಿ ಕಚೇರಿಯಿಂದ ನೋಟಿಸ್ ಬಂತು. ಹದಿಮೂರು ವರ್ಷದಿಂದ ಸದಸ್ಯರ ಪಟ್ಟಿ ಕೊಟ್ಟಿಲ್ಲ, ನೋಂದಣಿ ಯಾಕೆ ರದ್ದು ಮಾಡಬಾರದು ಅಂತ ಕೇಳಿದ್ದಾರೆ. ನನಗೇನು ಗೊತ್ತು ಮಾರಾಯ್ರೆ! ಹುಟ್ಟಿದ ಮಗು ವರ್ಷ ವರ್ಷ "ನಾನು ಬದುಕಿದ್ದೀನಿ" ಅಂತ ಸರ್ಕಾರಕ್ಕೆ ಬರೀತದಾ? ನಿಮ್ಮವರು ರಹೀಮಣ್ಣ ಇದ್ದಾಗ ಎಲ್ಲಾ ಅವರೇ ನೋಡ್ತಿದ್ರು. ಅವರ ಕಣ್ಣು ಮಂಜಾದ ಮೇಲೆ ಯಾರೂ ಕಳಿಸಿಲ್ಲ, ಅವರು ಹೋದ ಮೇಲೆ ಕಾರ್ಯದರ್ಶಿ ಅಂತ ಕೂತ ನಾನೂ ಕಳಿಸಿಲ್ಲ.

ಸಂಘ ಹುಟ್ಟಿದಾಗಿನ ಕಾಗದ ನಿಮ್ಮ ಪೆಟ್ಟಿಗೆಯಲ್ಲಿ ಏನಾದ್ರೂ ಇದೆಯಾ ನೋಡಿ. ಇಷ್ಟೇ ಕೇಳೋಕೆ ಬರೆದೆ.

ನಿಮ್ಮ
ವಸಂತ

---

ಮಲ್ಲಂದೂರು
27 ಫೆಬ್ರವರಿ 2024

ವಸಂತ,

ನಿನ್ನ ಕಾಗದ ಬಂತು. ದೇವೇಂದ್ರನ ಆರೋಗ್ಯ ಕೇಳಿ ಬೇಜಾರಾಯ್ತು. ಉಪ್ಪು, ನೀರು ಎರಡೂ ಅಳತೆ ಮೀರದ ಹಾಗೆ ನೋಡ್ಕೋ.

ಪೆಟ್ಟಿಗೆಯಲ್ಲಿ ಕಾಗದ ಇಲ್ಲ. ಇರಮ್ ಅಪ್ಪ ಕಣ್ಣು ಕಾಣದಾದ ಮೇಲೆ ಎಲ್ಲಾ ನಿಮ್ಮ ಮನೆಗೇ ಕಳಿಸಿದ್ರು, ನೀನೇ ಬಂದು ಗೋಣಿಯಲ್ಲಿ ಕಟ್ಟಿಕೊಂಡು ಹೋಗಿದ್ದೆ. ಸಂಘದಿಂದ ಹೆಸರು ಹೊಡೆದು ಹಾಕಿಸಿಕೊಂಡ ಮನೆಯಲ್ಲಿ ಸಂಘದ ಕಾಗದ ಯಾಕಿರ್ತದೆ?

ಇರಮ್ ಚೆನ್ನಾಗಿದ್ದಾಳೆ. ಇಲ್ಲಿ ಶಾಲೆಯಲ್ಲಿ ಟೀಚರ್.

ರೌಶನ್ ಬೀ

---

ಹೆಗ್ಗುಡ್ಲು
17 ಮಾರ್ಚ್ 2024

ರೌಶನಕ್ಕ,

ನಿಮ್ಮ ಕಾಗದ ಓದಿ ಎರಡು ದಿನ ಅನ್ನ ರುಚಿಸಲಿಲ್ಲ. ಅದರ ಮಾತು ಕೊನೆಗೆ ಬರೀತೀನಿ, ತಪ್ಪಿಸಿಕೊಳ್ಳಲ್ಲ. ಮೊದಲು ಗುರುವಾರ ಏನಾಯ್ತು ಹೇಳ್ತೀನಿ.

ನೋಂದಣಿ ಕಚೇರಿಯಿಂದ ವಿಚಾರಣೆಗೆ ಓಂಕಾರಮೂರ್ತಿ ಅಂತ ಒಬ್ಬರು ಬಂದರು. ಐವತ್ತರ ಮೇಲಿನ ಸಣಕಲು ಮನುಷ್ಯ. ಅರ್ಧ ಗುಡ್ಡಕ್ಕೇ ಏದುಸಿರು. ಕುರ್ಚಿ ಹೊರೋ ಹುಡುಗರಲ್ಲಿ ಒಬ್ಬ, ನಮ್ಮ ಲಿಖಿತ್, "ಕುರ್ಚಿ ತರ್ಲಾ ಸರ್?" ಅಂದ. "ನಾನು ಸರ್ಕಾರಿ ನೌಕರ ಕಣಪ್ಪ, ರೋಗಿ ಅಲ್ಲ" ಅಂತ ನಡೆದೇ ಬಂದರು. ಹೂಮಳೆ ಬಿದ್ದು ಕಾಫಿ ಎಲ್ಲಾ ಬೆಳ್ಳಗೆ ಅರಳಿತ್ತು, ಸಂಘದ ಶೆಡ್ಡಿನ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಪಾಳಿ ಪುಸ್ತಕ ಕೇಳಿದರು.

ಮೂವತ್ತೆಂಟು ಮನೆ, ಮೂವತ್ತೆಂಟು ಹೆಸರು. ಅವರು ಕೂಗ್ತಾ ಹೋದರು. "ಚಂದ್ರಶೇಖರಪ್ಪ." ದಿಲೀಪ ಎದ್ದು "ಬಂದೆ" ಅಂದ. ಅವರು ಪುಸ್ತಕ ನೋಡಿದರು, ದಿಲೀಪನ ಮೀಸೆ ನೋಡಿದರು. "ಇಲ್ಲಿ ಹುಟ್ಟಿದ ವರ್ಷ ಸಾವಿರದ ಒಂಬೈನೂರ ಇಪ್ಪತ್ತೊಂದು ಅಂತಿದೆ. ಚಂದ್ರಶೇಖರಪ್ಪನವರಿಗೆ ಈಗ ನೂರ ಮೂರು ವರ್ಷ. ಅವರು ಕುರ್ಚಿ ಹೊರ್ತಾರಾ?" "ಹೊರ್ತಾರೆ ಸರ್, ಮೊನ್ನೆ ಮಂಗಳವಾರನೂ ಹೊತ್ತಿದ್ರು" ಅಂತ ದಿಲೀಪ. ಆ ಪುಣ್ಯಾತ್ಮನಿಗೆ ತಾನು ಹೇಳಿದ್ದರಲ್ಲಿ ಏನು ತಪ್ಪು ಅಂತಲೂ ಗೊತ್ತಾಗಲಿಲ್ಲ!

ಅಜ್ಜ ಸತ್ತರೆ ಮಗ, ಮಗ ಸತ್ತರೆ ಮೊಮ್ಮಗ, ಅದೇ ಹೆಸರಿಗೆ "ಬಂದೆ" ಅನ್ನೋದು ನಮಗೆ ಅಭ್ಯಾಸ ಅಲ್ವಾ ಅಕ್ಕ? ಮನೆಯ ಹೆಗಲು ಬಂದರಾಯ್ತು, ಹೆಸರು ಯಾರದಾದರೇನು ಅಂತ ಇದ್ದುಬಿಟ್ಟಿದ್ವಿ. ಸಭೆಯ ಪುಸ್ತಕದಲ್ಲೂ ಅಪ್ಪಂದಿರ ಹೆಸರಿಗೇ ಸಹಿ. ಓಂಕಾರಮೂರ್ತಿಯವರು ಕನ್ನಡಕ ತೆಗೆದು ಒರೆಸಿಕೊಂಡರು. "ಸತ್ತವರ ಸಹಿ ಹಾಕೋದಕ್ಕೆ ಕಾನೂನಲ್ಲಿ ಬೇರೆ ಹೆಸರಿದೆ ಅಮ್ಮ, ಅದನ್ನ ಈಗ ಹೇಳಲ್ಲ. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಸದಸ್ಯರು ಬದುಕಿದ್ದು ಕೆಲಸ ಸತ್ತ ಸಂಘ ಬೇಕಾದಷ್ಟು ನೋಡಿದ್ದೀನಿ. ಸದಸ್ಯರು ಸತ್ತು ಕೆಲಸ ನಡೀತಿರೋದು ಇದೇ ಮೊದಲು" ಅಂದರು. ಬೈತಿದ್ದಾರಾ ಹೊಗಳ್ತಿದ್ದಾರಾ ನನಗೆ ತಿಳೀಲಿಲ್ಲ. ಅವರಿಗೂ ತಿಳಿದಿರಲಿಲ್ಲ ಅಂತ ಕಾಣ್ತದೆ.

ವರ್ಷ ವರ್ಷ ಪಟ್ಟಿ ಯಾಕೆ ಅಂತ ಜಗಳಕ್ಕೆ ನಿಂತೆ. "ಪೆನ್ಶನ್ ತಗೊಳ್ಳೋರು ನವೆಂಬರ್ ಬಂತು ಅಂದ್ರೆ ಬದುಕಿದ್ದೀನಿ ಅಂತ ಬರೆದುಕೊಡಲ್ವಾ? ಸಂಘಾನೂ ಕೊಡಬೇಕು" ಅಂದರು.

ಈಗ ಲೆಕ್ಕ ಹೀಗಿದೆ. ಸತ್ತವರನ್ನ ತೆಗೆದರೆ ಉಳಿಯೋದು ಆರು ಜನ. ನಮ್ಮವರು, ಚನ್ನಕೇಶವ, ಇನ್ನು ನಾಲ್ಕು ಮುದುಕರು. ಏಳು ಜನ ಇಲ್ಲದೆ ಸಂಘ ಇಲ್ಲ. ಮಕ್ಕಳು ಮೊಮ್ಮಕ್ಕಳನ್ನ ಹೊಸದಾಗಿ ಸೇರಿಸಬಹುದು, ಆದ್ರೆ ಸೇರಿಸೋಕೆ ಹಳೇ ಸದಸ್ಯರು ಏಳು ಜನ ಸಭೆಯಲ್ಲಿ ಕೂತಿರಬೇಕಂತೆ, ರಹೀಮಣ್ಣನೇ ಬರೆದ ನಿಯಮ. "ನಾನಿಲ್ವಾ ಏಳನೆಯವಳು?" ಅಂದೆ. "ನೀವು ಕಾರ್ಯದರ್ಶಿ ಅಂತ ಸಹಿ ಹಾಕ್ತಿದ್ದೀರಿ, ಸದಸ್ಯೆ ಅಂತ ಎಲ್ಲಿದೆ ತೋರಿಸಿ" ಅಂದರು. ಎಲ್ಲೂ ಇಲ್ಲ! ಹೊರನಾಡಿಗೆ ಹೋಗಿ ನೆಲೆಸಿದ ಹಳೇ ಸದಸ್ಯರೊಬ್ಬರು ಬದುಕಿರಬಹುದು ಅಂತ ಲಿಖಿತನ್ನ ಓಡಿಸಿದೆ. ಅವರೂ ಹೋದ ದೀಪಾವಳಿಗೆ ತೀರಿಕೊಂಡರಂತೆ. ಏಪ್ರಿಲ್ ಕೊನೆಯೊಳಗೆ ಏಳನೆಯವರನ್ನ ತೋರಿಸದಿದ್ರೆ ರದ್ದು.

ಇನ್ನು ಆ ಮಾತು. ಪುಸ್ತಕ ಮುಚ್ಚೋ ಮೊದಲು ಅವರು ರಹೀಮಣ್ಣನ ಹೆಸರಿನ ಮೇಲೆ ಬೆರಳಿಟ್ಟರು. "ಇದಕ್ಕೆ ಮಾತ್ರ ಯಾಕೆ ಗೆರೆ?" ನಾನೇ ಹೇಳಿದೆ, ತೀರಿಕೊಂಡರು, ಗಂಡು ಮಕ್ಕಳಿಲ್ಲ ಅಂತ. "ಇಡೀ ಪುಸ್ತಕದಲ್ಲಿ ಕಾನೂನು ಪ್ರಕಾರ ಸರಿಯಾಗಿರೋದು ಇದೊಂದೇ" ಅಂದರು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ರಹೀಮಣ್ಣ ತೀರಿಕೊಂಡು ನಲವತ್ತನೇ ದಿನ ಮುಗಿದ ಮೇಲಿನ ಭಾನುವಾರ ಅಲ್ವಾ ಅದು. ನೀವು ಎಲ್ಲರಿಗೂ ಚಹಾ ತಂದಿದ್ರಿ. ನಮ್ಮವರು "ಆ ಮನೆಯಿಂದ ಇನ್ನು ಹೆಗಲಿಲ್ಲ, ಹೊಡಿ" ಅಂದರು. ಇರಮ್ "ನಾನು ಬರ್ತೀನಿ" ಅಂದಾಗ ಎಲ್ಲಾ ನಕ್ಕರು. ನಾನೂ ನಕ್ಕೆ ಅಕ್ಕ. ನಕ್ಕು, ಸ್ಕೇಲ್ ಇಟ್ಟು, ಗೆರೆ ಎಳೆದೆ. ಸಂಘ ಕಟ್ಟಿದವರ ಹೆಸರಿಗೆ. ಉಳಿದ ಸತ್ತವರನ್ನೆಲ್ಲ ಬದುಕಿಸಿ ಇಟ್ಟುಕೊಂಡು ಅವರೊಬ್ಬರನ್ನ ಸಾಯಿಸಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಅಂತೀರಿ, ಅನ್ನಿ.

ವಸಂತ

---

ಮಲ್ಲಂದೂರು
6 ಏಪ್ರಿಲ್ 2024

ವಸಂತ,

ನಿನ್ನೆಯೆಲ್ಲಾ ಬರೆದು ಹರಿದೆ. ಇವತ್ತು ಬರೆದಿದ್ದನ್ನ ಹರಿಯಲ್ಲ.

ಗುರುವಾರ ಇರಮ್ ರಜೆ ಹಾಕಿ ನನ್ನನ್ನ ಚಿಕ್ಕಮಗಳೂರಿಗೆ ಕರ್ಕೊಂಡು ಹೋದಳು. ಆ ಕಚೇರಿಗೇ ಹೋದ್ವಿ. ನಿಮಗೋಸ್ಕರ ಅಲ್ಲ. ಇರಮ್ ಅಪ್ಪನ ಹೆಸರು ಗೆರೆ ಇಲ್ಲದೆ ಎಲ್ಲಾದರೂ ಉಳಿದಿದೆಯಾ ನೋಡಬೇಕು ಅನ್ನಿಸ್ತು, ಅದಕ್ಕೆ. ರೋಜಾ ಇದ್ದೆ, ಬಾಯಿ ಒಣಗಿತ್ತು, ಬಿಸಿಲು ಬೇರೆ.

ನಿನ್ನ ಓಂಕಾರಮೂರ್ತಿಯವರೇ ಸಿಕ್ಕಿದರು. ನಾನು ಯಾರು ಅಂದ ಕೂಡಲೇ ಎದ್ದು ನಿಂತರು. ನಿನ್ನಾಣೆ, ಕುರ್ಚಿಯಿಂದ ಎದ್ದರು. ಒಳಗೆ ಕರ್ಕೊಂಡು ಹೋಗಿ ಕಡತದ ಕೋಣೆ ತೋರಿಸಿದರು. ಏನು ಹೇಳಲಿ ವಸಂತ! ನೆಲದಿಂದ ಸೂರಿನ ತನಕ ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು. ಒಂದೊಂದು ಗಂಟಲ್ಲಿ ನೂರಾರು ಸಂಘ ಅಂತೆ. ಭಜನೆ ಮಂಡಳಿ, ಮದರಸಾದ ಕಮಿಟಿ, ಯುವಕ ಸಂಘ, ಮಹಿಳಾ ಸಮಾಜ, ಹೆಣ ಸಾಗಿಸೋ ಸಂಘ, ಕಣ್ಣಿಲ್ಲದವರ ಸಂಘ. ನಾವು ಈ ಕಡೆ ಒಬ್ಬರಿಗೊಬ್ಬರು ಏನೇನು ಮಾಡಬೇಕು ಅಂತ ಆಸೆಪಟ್ಟು ಬರೆದುಕೊಟ್ಟಿದ್ದೆಲ್ಲಾ ಅಲ್ಲಿ ಕೂತಿದೆ. ಯಾರೋ ಗುರುತಿಲ್ಲದವರು ಅದನ್ನ ಗೆದ್ದಲಿಂದ, ಸೋರೋ ಮಾಡಿನಿಂದ ಕಾಪಾಡಿಕೊಂಡು ಬಂದಿದ್ದಾರೆ. ನನಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು ಅನ್ನಿಸ್ತು. ಬಿಟ್ಟೇ ಹೋದೆ. ಇರಮ್ ನಗಲಿಲ್ಲ, ಅವಳೂ ಬಿಟ್ಟಳು.

ಮೂರು ಗಂಟು ಬಿಚ್ಚಿದ ಮೇಲೆ ನಮ್ಮದು ಸಿಕ್ಕಿತು. 1978. "ಹೆಗ್ಗುಡ್ಲು ರೋಗಿ ಸಾಗಣೆ ಸೇವಾ ಸಂಘ." ಮೊದಲನೇ ಹೆಸರು ಅಬ್ದುಲ್ ರಹೀಮ್, ಮೆಕ್ಯಾನಿಕ್. ಅವರ ಓರೆ ಸಹಿ. ಗೆರೆ ಇಲ್ಲ. ಆ ಹಾಳೆಯ ಮೇಲೆ ಇನ್ನು ಯಾರೂ ಗೆರೆ ಎಳೆಯೋಕೆ ಆಗಲ್ಲ, ಮಂತ್ರಿ ಬಂದರೂ ಆಗಲ್ಲ ಅಂದರು ಓಂಕಾರಮೂರ್ತಿ. ಆಮೇಲೆ ಬೆರಳು ಕೆಳಗೆ ಜಾರಿಸ್ತಾ ಹೋದರು. ಎರಡು, ಮೂರು, ನಾಲ್ಕು. ಎಲ್ಲಾ ಹೋದವರು. ಏಳನೇ ಹೆಸರಿಗೆ ಬಂದು ಬೆರಳು ನಿಂತಿತು. ನನ್ನ ಮುಖ ನೋಡಿದರು.

ಏಳನೆಯದು ನಾನು ವಸಂತ. ರೌಶನ್ ಬೀ, ವಯಸ್ಸು ಇಪ್ಪತ್ತು, ಗೃಹಿಣಿ.

ನಾನು ಮರೆತೇಬಿಟ್ಟಿದ್ದೆ. ಅದು ಏನೋ ಸಾಕ್ಷಿ ಸಹಿ ಅಂದುಕೊಂಡಿದ್ದೆ. ಆ ವರ್ಷ ನಮ್ಮ ಮೊದಲನೇ ಮಗು ಗುಡ್ಡ ಇಳಿಯೋ ದಾರಿಯಲ್ಲೇ ಹೋಯ್ತಲ್ಲ, ಹೊರೋಕೆ ಜನ ಸೇರೋ ಹೊತ್ತಿಗೆ ತಡವಾಗಿ. ನಿನಗೆ ಗೊತ್ತು, ನಾನು ಅದನ್ನ ಮಾತಾಡಲ್ಲ. ಮೂರು ತಿಂಗಳಿಗೆ ಇವರು ಸಂಘ ಕಟ್ತೀನಿ ಅಂತ ಹೊರಟರು. ಏಳನೆಯವನಾಗಿ ಚನ್ನಕೇಶವ ಬರಬೇಕಿತ್ತು. ನೋಂದಣಿಗೆ ಚಿಕ್ಕಮಗಳೂರಿಗೆ ಹೊರಟ ದಿನ ಬೆಳಿಗ್ಗೆ ಯಾರಿಗೋ ಹಾವು ಕಚ್ಚಿ, ಹೊರೋಕೆ ಅಂತ ಅವನು ಉಳಿದ. ಆರೇ ಜನ ಅಂತ ಗುಮಾಸ್ತ ಕಾಗದ ವಾಪಸ್ ಕೊಟ್ಟ. ನಾನು ಕಣ್ಣಿನ ಡಾಕ್ಟರಿಗೆ ತೋರಿಸೋಕೆ ಅಂತ ಜೊತೆಗೆ ಹೋಗಿದ್ದೆ, ಬೆಂಚಿನ ಮೇಲೆ ಕೂತಿದ್ದೆ. ಇವರು ತಿರುಗಿ ನನ್ನ ಕಡೆ ನೋಡಿದರು. "ಹೆಂಗಸಿನ ಸಹಿ ನಡೆಯುತ್ತಾ?" ಅಂತ ನಮ್ಮೂರಿನ ಒಬ್ಬರು ಕೇಳಿದರು. "ವಯಸ್ಸಿಗೆ ಬಂದವರು ಏಳು ಜನ ಅಂತ ಇದೆ. ಗಂಡಸು ಅಂತ ಕಾನೂನಲ್ಲಿ ಎಲ್ಲಿದೆ ತೋರಿಸ್ರಿ" ಅಂದ ಆ ಗುಮಾಸ್ತ. ಏಳನೇ ಕ್ಲಾಸಿನ ಕನ್ನಡದಲ್ಲಿ ದುಂಡಗೆ ಸಹಿ ಹಾಕಿದೆ.

ಊರಿಗೆ ಬಂದ ಮೇಲೆ ಪಾಳಿ ಪುಸ್ತಕದಲ್ಲಿ ಮನೆಗೊಂದು ಹೆಸರು ಬರೆದರು. ನಮ್ಮ ಮನೆಗೆ ಇವರದ್ದು. ನನ್ನ ಹೆಸರು ಊರಲ್ಲಿ ಎಲ್ಲೂ ಬರಲಿಲ್ಲ. ನಲವತ್ತಾರು ವರ್ಷ ಸರ್ಕಾರ ಮಾತ್ರ ಇಟ್ಟುಕೊಂಡಿತ್ತು. ಆ ದುಂಡು ಅಕ್ಷರ ಮುಟ್ಟಿದೆ ವಸಂತ. ಅಳಬಾರದು ಅಂದುಕೊಂಡರೂ ಆಗಲಿಲ್ಲ. ಮಗು ಕಳೆದುಕೊಂಡ ಹುಡುಗಿ ಹಾಕಿದ ಸಹಿ, ಮುದುಕಿಯಾಗಿ ಬಂದು ನೋಡಿದೆ. ಅಲ್ಲಾ, ಇಂಥದ್ದನ್ನೂ ತೋರಿಸ್ತೀಯಾ!

ಓಂಕಾರಮೂರ್ತಿ ಕೇಳಿದರು, ಸಭೆಗೆ ಬರ್ತೀರಾ ಅಮ್ಮ ಅಂತ. ನಾನು ಉತ್ತರ ಕೊಡಲಿಲ್ಲ. ನಿನಗೂ ಕೊಡ್ತಿಲ್ಲ. ಹೆಗಲಿಲ್ಲದ ಮನೆ ಅಂತ ಕಳಿಸಿದವರಿಗೆ ಎಣಿಕೆ ತುಂಬೋಕೆ ಒಂದು ತಲೆ ಬೇಕು ಅಂತ ಬರಲಾ?

ರೌಶನ್ ಬೀ

---

ಹೆಗ್ಗುಡ್ಲು
15 ಏಪ್ರಿಲ್ 2024

ರೌಶನಕ್ಕ,

ಹಬ್ಬ ಚೆನ್ನಾಗಿ ಆಯ್ತಾ? ನಮ್ಮ ಯುಗಾದಿಗೆ ನಿಮ್ಮ ಕಾಗದವನ್ನೇ ಎಲ್ಲರಿಗೂ ಓದಿ ಹೇಳಿದೆ. ತಪ್ಪಾದರೆ ಬೈರಿ. ಚನ್ನಕೇಶವಣ್ಣ, ಎಂಬತ್ತೊಂದು ವರ್ಷದ ಮುದುಕ, ಕೇಳ್ತಾ ಕೇಳ್ತಾ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡು ಕೂತುಬಿಟ್ಟರು. "ನನ್ನ ಜಾಗದಲ್ಲಿ ಆ ತಾಯಿ ನಿಂತಿದ್ದಾ? ನನಗೆ ಯಾರೂ ಹೇಳಲೇ ಇಲ್ವಲ್ಲ" ಅಂತ ಅದನ್ನೇ ಹೇಳಿದರು.

ಸಭೆ ಏಪ್ರಿಲ್ ಇಪ್ಪತ್ತೆಂಟು, ಭಾನುವಾರ, ಹನ್ನೊಂದು ಗಂಟೆಗೆ. ಓಂಕಾರಮೂರ್ತಿಯವರು ಚುನಾವಣೆ ಡ್ಯೂಟಿ ಮುಗಿಸಿ ತಾವೇ ಬರ್ತಾರಂತೆ.

ಬನ್ನಿ ಅನ್ನೋ ಮುಖ ನನಗಿಲ್ಲ. ನಮ್ಮವರು ಒಂದು ಮಾತು ಬರೆಯೋಕೆ ಹೇಳಿದ್ದಾರೆ. "ರೌಶನ್ ಬರದಿದ್ರೂ ಅವಳದ್ದು ತಪ್ಪಲ್ಲ. ಸುತ್ತುದಾರಿಯಲ್ಲಿ ಹೋಗ್ತೀನಿ. ಎಷ್ಟು ದಿನ ಆಗ್ತದೋ ಅಷ್ಟು ದಿನ." ಅಷ್ಟು ಹೇಳಿ ಗೋಡೆ ಕಡೆ ತಿರುಗಿದರು. ನಾನು ಅವರ ಹೆಂಡತಿ, ನನಗೆ ಅವರು ಬದುಕಬೇಕು. ಅದನ್ನ ಮುಚ್ಚಿಟ್ಟು ಬರೆದರೆ ಸುಳ್ಳಾಗ್ತದೆ.

ವಸಂತ

---

ಹೆಗ್ಗುಡ್ಲು
24 ಮೇ 2024

ರೌಶನಕ್ಕ,

ಆರ್ಡರ್ ಬಂತು! ನೋಂದಣಿ ಊರ್ಜಿತ ಅಂತ ಸೀಲು ಬಿದ್ದು ಬಂದಿದೆ. ಮ್ಯಾನೇಜರ್ ಓದಿ, ಗೇಟಿನ ಬೀಗದ ಕೈ ಒಂದನ್ನ ಲಿಖಿತನ ಕೈಗೇ ಕೊಟ್ಟ. ನಿನ್ನೆ ನಮ್ಮವರು ಒಳದಾರಿಯಲ್ಲೇ ಹೋಗಿ ಬಂದರು.

ಅವತ್ತು ಸಭೆ ಮುಗಿದ ಕೂಡಲೇ ಇರಮ್ ಸ್ಕೂಟರಿಗೆ ಹೊತ್ತಾಯ್ತು ಅಂತ ಇಳಿದುಬಿಟ್ರಿ. ನೀವು ಎದುರಿಗಿದ್ದಾಗ ನನಗೆ ಬಾಯೇ ಬರಲಿಲ್ಲ. ನಾನು! ಊರೆಲ್ಲಾ ವಟವಟ ಅನ್ನೋಳು! ಅದಕ್ಕೆ ನೀವು ಕಂಡಿದ್ದನ್ನೇ ನಾನು ಹೇಗೆ ಕಂಡೆ ಅಂತ ಬರೀತೀನಿ.

ಓಂಕಾರಮೂರ್ತಿಯವರು ಮೊದಲು ತೀರಿಕೊಂಡವರ ಹೆಸರು ಓದಿದರು. ಒಬ್ಬೊಬ್ಬರ ಮನೆಯವರು ಎದ್ದು "ತೀರಿಕೊಂಡಿದ್ದಾರೆ" ಅಂತ ಹೇಳಬೇಕು, ಆಮೇಲೆ ಕೆಂಪು ಗೆರೆ. ಮೂವತ್ತೊಂದು ಹೆಸರು. ಯಾರಿಗೂ ಸಲೀಸಾಗಿ ಬಾಯಿಂದ ಬರಲಿಲ್ಲ ನೋಡಿದ್ರಾ? ದಿಲೀಪನ ಸರದಿ ಬಂದಾಗ ಅಭ್ಯಾಸಬಲದಿಂದ "ಬಂದೆ" ಅಂದುಬಿಟ್ಟ. ಯಾರೂ ನಗಲಿಲ್ಲ. ಅವನು ನಿಂತಲ್ಲೇ, "ಅಜ್ಜ ಇಲ್ಲ ಸರ್. ಇಪ್ಪತ್ತೆರಡು ವರ್ಷ ಆಯ್ತು" ಅಂದ. ಆಗ ಹಿಂದಿನ ಸಾಲಿನವರೆಲ್ಲ ಎದ್ದು ನಿಂತರು. ನಿಲ್ಲಿ ಅಂತ ಯಾರೂ ಹೇಳಿರಲಿಲ್ಲ. ಕೊನೇ ಹೆಸರಿನ ತನಕ ಯಾರೂ ಕೂರಲಿಲ್ಲ, ಸರ್ಕಾರದ ಮನುಷ್ಯನೂ ನಿಂತೇ ಓದಿದರು. ಹೆಗ್ಗುಡ್ಲಿನ ಗಂಡಸರೆಲ್ಲಾ ಒಂದೇ ದಿನ ಸತ್ತು, ಒಂದೇ ದಿನ ಅವರಿಗೆ ಹೊರೋ ಕೆಲಸದಿಂದ ಬಿಡುಗಡೆ ಸಿಕ್ಕಿದ ಹಾಗಿತ್ತು.

ಆಮೇಲೆ ಬದುಕಿದವರು. ಆರು ಆಯ್ತು. "ರೌಶನ್ ಬೀ" ಅಂದರು. ನೀವು ಬಾಗಿಲ ಹತ್ತಿರ ಬಿಸಿಲಲ್ಲೇ ನಿಂತಿದ್ರಿ, ಒಳಗೆ ಬಂದಿರಲಿಲ್ಲ. ನಾನು ಸೆರಗಿನ ತುದಿ ಕಚ್ಚಿಕೊಂಡಿದ್ದೆ. ನಮ್ಮವರು ತಲೆ ಎತ್ತಿರಲಿಲ್ಲ. ನೀವು ಒಳಗೆ ಬಂದು, ಅವರ ಎದುರಿಗೇ ನಿಂತು, "ಬಂದೆ" ಅಂದ್ರಿ.

ಹೊಸಬರನ್ನ ಸೇರಿಸೋ ಹೊತ್ತಿಗೆ, ಮನೆಗೊಂದು ಹೆಸರು ಸಾಕು ಅಂತ ಯಾರೋ ಅಂದರು. ಆಗ ನೀವು ಕೇಳಿದ್ದು, ಗಂಡಸು ಅಂತ ಕಾನೂನಲ್ಲಿ ಎಲ್ಲಿದೆ ಅಂತ. ಓಂಕಾರಮೂರ್ತಿ ಕಡತ ಮುಚ್ಚಿ, "ಎಲ್ಲೂ ಇಲ್ಲ" ಅಂದರು. ಹೆಂಗಸರೂ ಸೇರಲಿ ಅಂತ ಮೊದಲು ಎದ್ದ ಕೈ ಯಾರದು ನೋಡಿದ್ರಲ್ಲ. ಸೂಜಿ ಚುಚ್ಚಿ ಚುಚ್ಚಿ ಊದಿದ ಕೈ. ಅರವತ್ತೆರಡು ಜನ ಸೇರಿದರು, ಇಪ್ಪತ್ತಾರು ಹೆಂಗಸರು. ಎಂಟು ವರ್ಷ ಕಾರ್ಯದರ್ಶಿಯಾಗಿದ್ದ ನಾನು ಸದಸ್ಯೆ ಆಗಿದ್ದು ಮೊನ್ನೆ. ಇರಮ್ ಹೆಸರು ಬರೆದಿದ್ದೂ ನಾನೇ, ಅಕ್ಷರ ಸ್ವಲ್ಪ ಓರೆ ಬಿದ್ದಿದೆ. ಕ್ಷಮಿಸಿ ಅಂತ ಅಲ್ಲೇ ಹೇಳಬೇಕಿತ್ತು, ಆಗಲಿಲ್ಲ. ಈಗ ಹೇಳ್ತಿದ್ದೀನಿ, ಕ್ಷಮಿಸಿ ಅಕ್ಕ.

ನಿಮ್ಮ
ವಸಂತ

---

ಮಲ್ಲಂದೂರು
2 ಜೂನ್ 2024

ವಸಂತ,

ಗೇಟ್ ತೆಗೆದಿದ್ದು ಕೇಳಿ ನಿಜವಾಗಿ ಖುಷಿಯಾಯ್ತು. ಇರಮ್ ಶಾಲೆಯಲ್ಲಿ ಎಲ್ಲರಿಗೂ ಸದಸ್ಯತ್ವದ ಚೀಟಿ ತೋರಿಸಿಕೊಂಡು ಬಂದಳು. ಮೂವತ್ತನಾಲ್ಕು ವರ್ಷದವಳು, ಮಕ್ಕಳ ಹಾಗೆ.

ನಿನ್ನನ್ನ ಕ್ಷಮಿಸಿದೆ ಅಂತ ಬರೆಯೋಕೆ ಕೂತೆ ಮಾರಾಯ್ತಿ. ಬರಲಿಲ್ಲ. ಸುಮಾರಾಗಿ ಕರಗಿದೆ, ಪೂರ್ತಿ ಇಲ್ಲ. ಸುಳ್ಳು ಬರೆದು ನಿನಗೆ ಸಮಾಧಾನ ಮಾಡಲ್ಲ. ಮಳೆಗಾಲ ಕಳೆದ ಮೇಲೆ ಬಾ, ಎರಡು ದಿನ ಇದ್ದು ಹೋಗು, ಉಳಿದದ್ದನ್ನ ಎದುರಾ ಬದುರಾ ಜಗಳ ಮಾಡಿ ಮುಗಿಸೋಣ.

ಸದಸ್ಯೆಯಾಗಿ ಒಂದು ಅರ್ಜಿ ಇದೆ, ಸಭೆಯಲ್ಲಿ ಇಡು. ನಮ್ಮದು ರೋಗಿಗಳನ್ನ ಹೊರೋ ಸಂಘ, ಸತ್ತವರನ್ನ ಹೊರೋದಲ್ಲ, ನನಗೆ ಗೊತ್ತು. ಆದ್ರೂ ಕೇಳ್ತೀನಿ. ಇರಮ್ ಅಪ್ಪ ಮಲಗಿರೋದು ಅಲ್ಲೇ ಮೇಲೆ, ದರ್ಗಾದ ಪಕ್ಕ. ನಾನು ಹೋದ ದಿನ ಇರಮ್ ನನ್ನನ್ನ ಜೀಪಿನಲ್ಲಿ ರಸ್ತೆ ತನಕ ತರ್ತಾಳೆ. ಅಲ್ಲಿಂದ ಮೇಲಕ್ಕೆ ನೀವೆಲ್ಲಾ ಹೆಗಲು ಕೊಡಬೇಕು. ಇರಮ್ ಕೂಡ.

ಮಣ್ಣು ಮುಚ್ಚಿ ಶೆಡ್ಡಿಗೆ ವಾಪಸ್ ಬಂದ ಮೇಲೆ, ಅವತ್ತೇ, ಪುಸ್ತಕ ತೆಗೆದು ನನ್ನ ಹೆಸರಿನ ಮೇಲೆ ನೀನೇ ಗೆರೆ ಎಳಿ. ತಡ ಮಾಡಬೇಡ. ಆ ಗೆರೆಗೆ ನನ್ನ ಬೇಜಾರಿಲ್ಲ.

ನಿನ್ನ
ರೌಶನಕ್ಕ